ವಿಕಲಚೇತನ ವಿದ್ಯಾರ್ಥಿಗಳಿಗೆ ಕಾಲೇಜು ಸ್ಕಾಲರ್‌ಶಿಪ್: ಅರ್ಜಿ ಎಲ್ಲೂ ನಿಲ್ಲದಂತೆ ಹಾಕುವುದು ಹೇಗೆ?

ಪ್ರತಿ ವರ್ಷ ಅದೇ ದೂರು. "ಅರ್ಜಿ ಹಾಕಿದ್ದೆ, ದುಡ್ಡು ಬರಲಿಲ್ಲ." ವಿಚಾರಿಸಿ ನೋಡಿದರೆ ಫಾರ್ಮ್ ತುಂಬಿದ್ದರಲ್ಲಿ ದೊಡ್ಡ ತಪ್ಪೇನೂ ಇರುವುದಿಲ್ಲ. ಒಂದೋ ಆಧಾರ್‌ನಲ್ಲಿ ಒಂದು ಹೆಸರು, ಯುಡಿಐಡಿ ಕಾರ್ಡ್‌ನಲ್ಲಿ (ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಇನ್ನೊಂದು. ಇಲ್ಲವೇ ಕಾಲೇಜಿನವರು ಆನ್‌ಲೈನ್‌ನಲ್ಲಿ ಒಪ್ಪಿಗೆ ಕೊಟ್ಟೇ ಇಲ್ಲ. ಇಲ್ಲವೇ ಹಣ ಎಂದೋ ತೆರೆದು ಮರೆತಿದ್ದ ಖಾತೆಗೆ ಹೋಗಿದೆ. ಫಾರ್ಮ್ ತುಂಬುವುದಕ್ಕೆ ಒಂದು ಗಂಟೆ ಸಾಕು. ಅದರ ಹಿಂದೆ ಮುಂದೆ ಇರುವ ಕೆಲಸಕ್ಕೆ ತಿಂಗಳುಗಳು ಬೇಕು, ಅದೂ ಸರಿಯಾದ ಕ್ರಮದಲ್ಲಿ.

ಪಿಯುಸಿಯಿಂದ ಸ್ನಾತಕೋತ್ತರ ಪದವಿಯವರೆಗೆ ಓದುತ್ತಿರುವ, ಕರ್ನಾಟಕದ ವಿಕಲಚೇತನ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಜಾಸ್ತಿ ಒತ್ತು ಕೇಂದ್ರ ಸರ್ಕಾರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎನ್‌ಎಸ್‌ಪಿ ಮೇಲೆ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿ ಬಗ್ಗೆ ಅಗತ್ಯ ಬಿದ್ದ ಕಡೆ ಹೇಳುತ್ತೇನೆ.

ಮೊದಲು ಕೈಯಲ್ಲಿ ಇರಬೇಕಾದವು

ಆಧಾರ್ ಕಾರ್ಡ್ ಮತ್ತು ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್. ಯುಡಿಐಡಿ ಕಾರ್ಡ್, ಅಂಗವೈಕಲ್ಯ ಪ್ರಮಾಣಪತ್ರ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಹಿಂದಿನ ವರ್ಷದ ಅಂಕಪಟ್ಟಿ. ನಾಡಕಚೇರಿಯ ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ ಇದ್ದರೆ ಅದೂ. ಈ ವರ್ಷದ ಶುಲ್ಕದ ರಸೀದಿ, ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ. ವಿದ್ಯಾರ್ಥಿಯ ಹೆಸರಿನಲ್ಲೇ ಇರುವ ಬ್ಯಾಂಕ್ ಪಾಸ್‌ಬುಕ್. ಪಾಸ್‌ಪೋರ್ಟ್ ಅಳತೆಯ ಫೋಟೋ. ಮುಖ ದೃಢೀಕರಣಕ್ಕೆ ಒಂದು ಆಂಡ್ರಾಯ್ಡ್ ಫೋನ್ ಬೇಕು. ನಿಮ್ಮದೇ ಆಗಬೇಕೆಂದಿಲ್ಲ, ಮನೆಯವರದ್ದಾದರೂ ನಡೆಯುತ್ತದೆ.

ಇವನ್ನೆಲ್ಲ ಸ್ಕ್ಯಾನ್ ಮಾಡಿ ಒಂದೇ ಫೋಲ್ಡರ್‌ನಲ್ಲಿಡಿ. ಫೈಲಿನ ಹೆಸರು ನೋಡಿದ ಕೂಡಲೇ ಒಳಗೇನಿದೆ ಅಂತ ಗೊತ್ತಾಗಬೇಕು. ಸ್ಕ್ರೀನ್ ರೀಡರ್ ಬಳಸುವವರಿಗಂತೂ ಇದು ಬಹಳ ಮುಖ್ಯ. ಸ್ಕ್ಯಾನ್ ಮಾಡಿದ ಚಿತ್ರದೊಳಗಿನ ಅಕ್ಷರವನ್ನು ಸಾಫ್ಟ್‌ವೇರ್ ಓದದೇ ಇರಬಹುದು, ಫೈಲಿನ ಹೆಸರನ್ನಂತೂ ಓದೇ ಓದುತ್ತದೆ.

ಹಂತ 1: ಯಾವುದಕ್ಕೆ ಹಾಕಬೇಕು ಅಂತ ತೀರ್ಮಾನಿಸಿ

ಎನ್‌ಎಸ್‌ಪಿಯಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್. ಕೇಂದ್ರದ ವಿಕಲಚೇತನರ ಸಬಲೀಕರಣ ಇಲಾಖೆಯ ಯೋಜನೆ ಇದು. 11ನೇ ತರಗತಿಯಿಂದ ಸ್ನಾತಕೋತ್ತರ ಪದವಿ, ಡಿಪ್ಲೊಮಾದವರೆಗೆ ಅನ್ವಯಿಸುತ್ತದೆ. ಅಂಗವೈಕಲ್ಯ ಕನಿಷ್ಠ ಶೇ. 40 ಇರಬೇಕು. ತಂದೆ ತಾಯಿಯ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ದಾಟಬಾರದು. ಹಾಸ್ಟೆಲ್‌ನಲ್ಲಿ ಇರುವವರಿಗೆ ಒಂದು ದರ, ಮನೆಯಿಂದ ಓಡಾಡುವವರಿಗೆ ಇನ್ನೊಂದು ದರ.

ಎರಡನೆಯದು ಟಾಪ್ ಕ್ಲಾಸ್. ಇದೂ ಅದೇ ಇಲಾಖೆಯದ್ದು. ಆದರೆ ಇಲಾಖೆ ಪಟ್ಟಿ ಮಾಡಿರುವ ಉನ್ನತ ಸಂಸ್ಥೆಗಳಲ್ಲಿ ಪದವಿ ಅಥವಾ ಸ್ನಾತಕೋತ್ತರ ಓದುವವರಿಗೆ ಮಾತ್ರ. ಆದಾಯ ಮಿತಿ ಪೋಸ್ಟ್ ಮೆಟ್ರಿಕ್‌ಗಿಂತ ಜಾಸ್ತಿ. ನಿಮ್ಮ ಸಂಸ್ಥೆ ಆ ಪಟ್ಟಿಯಲ್ಲಿ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಇದನ್ನು ಬಿಟ್ಟುಬಿಡಿ.

ಮೂರನೆಯದು ತಾಂತ್ರಿಕ ಶಿಕ್ಷಣದ ಮೇಲ್ವಿಚಾರಣೆ ನೋಡಿಕೊಳ್ಳುವ ಎಐಸಿಟಿಇ ಸಂಸ್ಥೆಯ ಸಕ್ಷಮ್. ಎಐಸಿಟಿಇ ಮಾನ್ಯತೆ ಇರುವ ಕಾಲೇಜಿನಲ್ಲಿ ತಾಂತ್ರಿಕ ಪದವಿ ಅಥವಾ ಡಿಪ್ಲೊಮಾ ಓದುವವರಿಗೆ ಇದು. ಕುಟುಂಬದ ಆದಾಯ ಮಿತಿ 8 ಲಕ್ಷ. ವರ್ಷಕ್ಕೆ 50,000 ರೂಪಾಯಿ, ಪದವಿಗೆ ಹೆಚ್ಚೆಂದರೆ 4 ವರ್ಷ, ಡಿಪ್ಲೊಮಾಗೆ 3 ವರ್ಷ. ಹೊಸ ಅರ್ಜಿ ಹಾಕಬೇಕಾದದ್ದು ಮೊದಲ ವರ್ಷದಲ್ಲೇ. ಲ್ಯಾಟರಲ್ ಎಂಟ್ರಿಯಲ್ಲಿ, ಅಂದರೆ ನೇರ ಎರಡನೇ ವರ್ಷಕ್ಕೆ ಸೇರಿದವರು ಎರಡನೇ ವರ್ಷದಲ್ಲಿ ಹಾಕಬಹುದು. "ಮುಂದಿನ ವರ್ಷ ನೋಡೋಣ" ಅಂದವರು ಇದನ್ನು ಪೂರ್ತಿ ಕಳೆದುಕೊಳ್ಳುತ್ತಾರೆ.

ಇವಲ್ಲದೆ ರಾಜ್ಯದ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ವಿದ್ಯಾರ್ಥಿವೇತನ ಇದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಆಯಾ ಇಲಾಖೆಗಳ ವಿದ್ಯಾರ್ಥಿವೇತನವೂ ಇದೆ. ಇವಕ್ಕೆ ದಾರಿ ಎಸ್‌ಎಸ್‌ಪಿ.

ಎರಡು ನಿಯಮ ಇಲ್ಲೇ ತಿಳಿದಿರಲಿ. ಪೋಸ್ಟ್ ಮೆಟ್ರಿಕ್ ಅಥವಾ ಟಾಪ್ ಕ್ಲಾಸ್ ಪಡೆಯುವವರು ಅದರ ಜೊತೆಗೆ ಬೇರೆ ಸ್ಕಾಲರ್‌ಶಿಪ್ ಪಡೆಯುವಂತಿಲ್ಲ. ಹಾಗೆಯೇ, ಒಂದೇ ತಂದೆ ತಾಯಿಯ ಇಬ್ಬರು ವಿಕಲಚೇತನ ಮಕ್ಕಳಿಗೆ ಮಾತ್ರ ಸಿಗುತ್ತದೆ. ಎರಡನೇ ಹೆರಿಗೆಯಲ್ಲಿ ಅವಳಿ ಮಕ್ಕಳಾಗಿದ್ದರೆ ವಿನಾಯಿತಿ ಇದೆ.

ಹಾಗಾಗಿ ಕಂಡದ್ದಕ್ಕೆಲ್ಲ ಸುಮ್ನೆ ಅರ್ಜಿ ಹಾಕಬೇಡಿ. ನಿಮ್ಮ ಕೋರ್ಸಿನ ಶುಲ್ಕ ಎಷ್ಟು, ಯಾವ ಯೋಜನೆ ಎಷ್ಟು ಭರಿಸುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದು ನೋಡಿ. ಉದಾಹರಣೆಗೆ, ನೀವು ಪರಿಶಿಷ್ಟ ಜಾತಿಯ ವಿದ್ಯಾರ್ಥಿಯಾಗಿದ್ದು ವೃತ್ತಿಪರ ಕೋರ್ಸ್ ಓದುತ್ತಿದ್ದರೆ, ಸಮಾಜ ಕಲ್ಯಾಣ ಇಲಾಖೆಯ ಯೋಜನೆಯಲ್ಲಿ ಸಿಗುವುದೇ ಜಾಸ್ತಿ ಇರಬಹುದು. ಲೆಕ್ಕ ಹಾಕದೆ ತೀರ್ಮಾನಿಸಬೇಡಿ.

ಹಂತ 2: ಯುಡಿಐಡಿ ಸರಿಯಾಗಿದೆಯಾ ನೋಡಿ

ವಿಕಲಚೇತನರ ಯೋಜನೆಗಳಿಗೆಲ್ಲ ಇದೇ ಬೀಗದ ಕೈ. ಇನ್ನೂ ಮಾಡಿಸಿಲ್ಲದಿದ್ದರೆ ಸ್ಕಾಲರ್‌ಶಿಪ್ ಪೋರ್ಟಲ್ ತೆರೆಯುವವರೆಗೆ ಕಾಯಬೇಡಿ. ಸ್ವಾವಲಂಬನ್ ಕಾರ್ಡ್ ಪೋರ್ಟಲ್‌ನಲ್ಲಿ ಇವತ್ತೇ ಅರ್ಜಿ ಹಾಕಿ. ಅರ್ಜಿ ಹಾಕುವಾಗಲೇ ಆಸ್ಪತ್ರೆ ಆರಿಸಬೇಕಾಗುತ್ತದೆ. ನಿಮ್ಮ ತೊಂದರೆಗೆ ಸಂಬಂಧಪಟ್ಟ ತಜ್ಞರು ಅಲ್ಲಿ ಇದ್ದಾರಾ, ಯಾವ ದಿನ ತಪಾಸಣೆ ನಡೆಯುತ್ತದೆ ಅಂತ ಫೋನ್ ಮಾಡಿ ಕೇಳಿಕೊಂಡು ಆರಿಸಿ. ತಪಾಸಣೆ, ವೈದ್ಯಕೀಯ ಪ್ರಾಧಿಕಾರದ ಒಪ್ಪಿಗೆ, ಕಾರ್ಡ್ ತಯಾರಾಗುವುದು, ಇಷ್ಟೂ ಆಗಲು ವಾರಗಳು ಹಿಡಿಯುತ್ತವೆ, ಕೆಲವೊಮ್ಮೆ ತಿಂಗಳುಗಳೂ ಆಗಬಹುದು. ಕಾರ್ಡ್ ಅಂಚೆಯಲ್ಲಿ ಬರುವವರೆಗೆ ಕಾಯಬೇಕಿಲ್ಲ. ತಯಾರಾದ ಮೇಲೆ ಇ-ಕಾರ್ಡ್ ಡೌನ್‌ಲೋಡ್ ಮಾಡಿಕೊಳ್ಳಬಹುದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಕಲಿಕಾ ನ್ಯೂನತೆ, ಥಲಸೇಮಿಯಾ, ಹಿಮೋಫೀಲಿಯಾ, ಮಾನಸಿಕ ಅಸ್ವಸ್ಥತೆ, ಆಸಿಡ್ ದಾಳಿಗೆ ಒಳಗಾದವರು, ಎಲ್ಲರೂ ಅದರಲ್ಲಿ ಬರುತ್ತಾರೆ. "ನನಗೆ ಕೈಕಾಲು ಸರಿ ಇದೆಯಲ್ಲ, ಇದೆಲ್ಲ ಸಿಗಲ್ಲ" ಅಂದುಕೊಂಡು ಅರ್ಜಿಯನ್ನೇ ಹಾಕದವರು ಎಷ್ಟೋ ಜನ. ಮೊದಲು ಆ ಪಟ್ಟಿ ಓದಿ.

ಕಾರ್ಡ್ ಇರುವವರು ನಾಲ್ಕು ವಿಷಯ ನೋಡಿಕೊಳ್ಳಿ.

ಬಣ್ಣ: ಬಿಳಿ ಕಾರ್ಡ್ ಅಂದರೆ ಶೇ. 40ಕ್ಕಿಂತ ಕಡಿಮೆ, ಹಳದಿ ಅಂದರೆ 40ರಿಂದ 80ರ ಒಳಗೆ, ನೀಲಿ ಅಂದರೆ 80 ಮತ್ತು ಮೇಲೆ. ಬಿಳಿ ಕಾರ್ಡ್ ಇದ್ದರೆ ಈ ಯೋಜನೆಗಳಿಗೆ ಅರ್ಹತೆ ಬರುವುದಿಲ್ಲ. ಆಸ್ಪತ್ರೆ ಕೊಟ್ಟ ಪ್ರಮಾಣ ತಪ್ಪು ಅನ್ನಿಸಿದರೆ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಮೇಲ್ಮನವಿ ಸಲ್ಲಿಸಬಹುದು.

ಸಂಖ್ಯೆ: ಯುಡಿಐಡಿ ಸಂಖ್ಯೆ ಕಾರ್ಡ್ ಮೇಲೆಯೇ ಇರುತ್ತದೆ, ಅಕ್ಷರ ಅಂಕಿ ಸೇರಿ 18. ಕಾರ್ಡ್‌ಗೆ ಅರ್ಜಿ ಹಾಕಿದಾಗ ಕೊಡುವ ಎನ್‌ರೋಲ್‌ಮೆಂಟ್ ಸಂಖ್ಯೆ ಬೇರೆ. ಬಹಳ ಜನ ಸ್ಕಾಲರ್‌ಶಿಪ್ ಫಾರ್ಮ್‌ನಲ್ಲಿ ಅದನ್ನೇ ಟೈಪ್ ಮಾಡಿ "ಇನ್‌ವ್ಯಾಲಿಡ್ ಬರ್ತಿದೆ" ಅನ್ನುತ್ತಾರೆ.

ಅವಧಿ: ಪ್ರಮಾಣಪತ್ರ ಕಾಯಂ ಅಂತ ಇದೆಯಾ, ತಾತ್ಕಾಲಿಕ ಅಂತ ಇದೆಯಾ? ತಾತ್ಕಾಲಿಕ ಆದರೆ ಕೊನೆಯ ದಿನಾಂಕ ನೋಡಿ. ಶಾಲೆಯಲ್ಲಿದ್ದಾಗ ಮಾಡಿಸಿದ ಪ್ರಮಾಣಪತ್ರದ ಅವಧಿ ಸರಿಯಾಗಿ ಕಾಲೇಜು ಸೇರುವ ಹೊತ್ತಿಗೆ ಮುಗಿಯುವುದುಂಟು. ಕಲಿಕಾ ನ್ಯೂನತೆ ಇರುವವರು ಇದನ್ನು ಮರೆಯಲೇಬಾರದು.

ಹೆಸರು ಮತ್ತು ಹುಟ್ಟಿದ ದಿನಾಂಕ: ಇದರದ್ದೇ ಒಂದು ಕಥೆ. ಮುಂದಿನ ಹಂತ ಪೂರ್ತಿ ಅದೇ.

ಹಂತ 3: ಎಲ್ಲ ದಾಖಲೆಗಳಲ್ಲೂ ಒಂದೇ ಹೆಸರು ತನ್ನಿ

ಐದು ದಾಖಲೆಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಯುಡಿಐಡಿ, ಪಾಸ್‌ಬುಕ್, ಆದಾಯ ಪ್ರಮಾಣಪತ್ರ. ಈಗ ಹೆಸರನ್ನು ಇಂಗ್ಲಿಷ್‌ನಲ್ಲಿ ಒಂದೊಂದೇ ಅಕ್ಷರ ಓದಿ. ನಿಮಗೆ ಓದಲು ಕಷ್ಟವಾದರೆ ಬೇರೆಯವರು ಓದಲಿ, ಆದರೆ ಹೆಸರನ್ನಲ್ಲ, ಸ್ಪೆಲ್ಲಿಂಗ್ ಓದಬೇಕು.

ಆಗುವುದು ಹೀಗೆ. ಅಂಕಪಟ್ಟಿಯಲ್ಲಿ "ಮಂಜುನಾಥ ಕೆ". ಆಧಾರ್‌ನಲ್ಲಿ "ಮಂಜುನಾಥ್ ಕೃಷ್ಣಪ್ಪ". ಯುಡಿಐಡಿಯಲ್ಲಿ "ಕೆ ಮಂಜುನಾಥ". ಪಾಸ್‌ಬುಕ್‌ನಲ್ಲಿ ಬರೀ "ಮಂಜುನಾಥ". ಊರಿನವರಿಗೆಲ್ಲ ನಾಲ್ವರೂ ಒಬ್ಬನೇ. ಕಂಪ್ಯೂಟರ್‌ಗೆ ನಾಲ್ಕು ಜನ. ಇನಿಷಿಯಲ್ ಹಿಂದೆ ಮುಂದೆ ಆಗುವುದು, ಕೊನೆಯಲ್ಲಿ ಒಂದು "ಎ" ಇರುವುದು ಬಿಡುವುದು ನಮ್ಮ ಕಡೆಯ ಹೆಸರುಗಳ ಕಾಯಂ ತಲೆನೋವು.

ಯಾವುದನ್ನು ಯಾವುದಕ್ಕೆ ಹೊಂದಿಸಬೇಕು? ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಆಧಾರವಾಗಿ ಇಟ್ಟುಕೊಳ್ಳಿ. ಅದನ್ನು ಬದಲಾಯಿಸುವುದೇ ಎಲ್ಲಕ್ಕಿಂತ ಕಷ್ಟ, ಮತ್ತು ಮುಂದೆ ಕೆಲಸಕ್ಕೂ ಅದೇ ಬೇಕು. ಮೊದಲು ಆಧಾರ್ ಅನ್ನು ಅಂಕಪಟ್ಟಿಗೆ ಹೊಂದಿಸಿ. ಆಮೇಲೆ ಯುಡಿಐಡಿ, ಕೊನೆಗೆ ಬ್ಯಾಂಕ್. ಈ ಕ್ರಮ ತಪ್ಪಿಸಬೇಡಿ. ಆಧಾರ್ ಸರಿಯಿಲ್ಲದೆ ಬ್ಯಾಂಕಿಗೆ ಹೋದರೆ ಬ್ಯಾಂಕಿನವರು ಆಧಾರ್‌ನಲ್ಲಿ ಇರುವ ತಪ್ಪನ್ನೇ ಖಾತೆಗೂ ಏರಿಸುತ್ತಾರೆ.

ಒಂದು ಎಚ್ಚರಿಕೆ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ 2 ಸಲ, ಹುಟ್ಟಿದ ದಿನಾಂಕವನ್ನು 1 ಸಲ ಮಾತ್ರ ಬದಲಾಯಿಸಲು ಬಿಡುತ್ತಾರೆ. ಸೆಂಟರ್‌ನಲ್ಲಿ ಆಪರೇಟರ್ ಟೈಪ್ ಮಾಡಿದ್ದನ್ನು ಒಪ್ಪುವ ಮುಂಚೆ ಸ್ಕ್ರೀನ್ ನೋಡಿ, ರಸೀದಿ ಓದಿ. ಅವಸರದಲ್ಲಿ ಒಂದು ಅವಕಾಶ ಹಾಳು ಮಾಡಿಕೊಳ್ಳಬೇಡಿ.

ಮೊಬೈಲ್ ನಂಬರ್ ಅನ್ನೂ ಇದೇ ಭೇಟಿಯಲ್ಲಿ ಸರಿ ಮಾಡಿಸಿ. ಎಷ್ಟೋ ವಿದ್ಯಾರ್ಥಿಗಳ ಆಧಾರ್‌ಗೆ ಜೋಡಿಸಿರುವುದು ಯಾವಾಗಲೋ ಬಂದ್ ಆದ ಅಪ್ಪನ ಹಳೆಯ ಸಿಮ್. ಒಟಿಪಿ ಬರದೆ ಮುಂದಿನ ಒಂದು ಹಂತವೂ ನಡೆಯುವುದಿಲ್ಲ. ಬೆರಳಚ್ಚು ಅಥವಾ ಕಣ್ಣಿನ ಗುರುತು ಕೊಡಲು ಆಗದವರಿಗೆ ಆಧಾರ್‌ನಲ್ಲಿ ಬಯೋಮೆಟ್ರಿಕ್ ವಿನಾಯಿತಿ ಇದೆ. ಸೆಂಟರ್‌ನಲ್ಲಿ "ಆಗಲ್ಲ" ಅಂದರೆ "ಬಯೋಮೆಟ್ರಿಕ್ ವಿನಾಯಿತಿ" ಅನ್ನುವ ಹೆಸರು ಹಿಡಿದೇ ಕೇಳಿ.

ಹಂತ 4: ಆದಾಯ ಪ್ರಮಾಣಪತ್ರ

ನಾಡಕಚೇರಿಯಲ್ಲಿ ಅಥವಾ ಆನ್‌ಲೈನ್‌ನಲ್ಲಿ ಮಾಡಿಸಿ. ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಎಸ್‌ಎಸ್‌ಪಿಗೆ ಬೇಕೇ ಬೇಕು. ಹಳೆಯದು ಇದ್ದರೆ ಅವಧಿ ಮುಗಿದಿದೆಯಾ ನೋಡಿ.

ಯೋಜನೆ ಕೇಳುವುದು ತಂದೆ ತಾಯಿ ಇಬ್ಬರ ಆದಾಯ. ಒಬ್ಬರದ್ದೇ ತೋರಿಸಿದರೆ ಆಮೇಲೆ ತಕರಾರು ಬರುತ್ತದೆ. ಫಾರ್ಮ್‌ನಲ್ಲಿ ಬರೆಯುವ ಮೊತ್ತ, ಪ್ರಮಾಣಪತ್ರದಲ್ಲಿ ಇರುವ ಮೊತ್ತ ಒಂದೇ ಆಗಿರಲಿ. "ಸುಮಾರು" ಅಂತ ಹಾಕುವ ಹಾಗಿಲ್ಲ.

ಹಂತ 5: ಬ್ಯಾಂಕ್ ಖಾತೆಯನ್ನು ಡಿಬಿಟಿಗೆ ತಯಾರು ಮಾಡಿ

ಡಿಬಿಟಿ ಅಂದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವ ವ್ಯವಸ್ಥೆ. ಹಣ ಬರುವುದು ಖಾತೆ ಸಂಖ್ಯೆ ನೋಡಿಕೊಂಡು ಅಲ್ಲ, ಆಧಾರ್ ಸಂಖ್ಯೆಯ ಮೂಲಕ. ಬ್ಯಾಂಕುಗಳ ನಡುವೆ ಹಣ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಬಳಿ ಒಂದು ಪಟ್ಟಿ ಇರುತ್ತದೆ: ಈ ಆಧಾರ್‌ಗೆ ಈ ಬ್ಯಾಂಕ್ ಅಂತ. ಒಂದು ಆಧಾರ್‌ಗೆ ಅಲ್ಲಿ ಒಂದೇ ಬ್ಯಾಂಕ್. ನಿಮಗೆ ಮೂರು ಖಾತೆ ಇದ್ದು ಮೂರಕ್ಕೂ ಆಧಾರ್ ಲಿಂಕ್ ಆಗಿದ್ದರೂ ಹಣ ಹೋಗುವುದು ಆ ಪಟ್ಟಿಯಲ್ಲಿರುವ ಒಂದಕ್ಕೆ ಮಾತ್ರ.

ಹಾಗಾಗಿ ಬ್ಯಾಂಕಿನಲ್ಲಿ "ಆಧಾರ್ ಲಿಂಕ್ ಆಗಿದ್ಯಾ ಸರ್?" ಅಂತ ಕೇಳಬೇಡಿ. "ಆಗಿದೆ" ಅಂದುಬಿಡುತ್ತಾರೆ, ಅದು ಸುಳ್ಳೂ ಅಲ್ಲ. ಹೀಗೆ ಕೇಳಿ: "ಸರ್, ಈ ಖಾತೆ ಎನ್‌ಪಿಸಿಐ ಮ್ಯಾಪಿಂಗ್ ಆಗಿದ್ಯಾ? ಡಿಬಿಟಿಗೆ ಆಧಾರ್ ಸೀಡಿಂಗ್ ಆ್ಯಕ್ಟಿವ್ ಇದ್ಯಾ?" ಇಲ್ಲ ಅಂದರೆ ಸೀಡಿಂಗ್ ಫಾರ್ಮ್ ತುಂಬಿ ಸಹಿ ಹಾಕಿ, ಸ್ವೀಕೃತಿ ಪಡೆಯಿರಿ. ಕೆಲವು ದಿನ ಬಿಟ್ಟು ಮೈ ಆಧಾರ್ ವೆಬ್‌ಸೈಟ್‌ಗೆ ಲಾಗಿನ್ ಆಗಿ "ಬ್ಯಾಂಕ್ ಸೀಡಿಂಗ್ ಸ್ಟೇಟಸ್" ನೋಡಿ. ಅಲ್ಲಿ ನಿಮ್ಮ ಬ್ಯಾಂಕಿನ ಹೆಸರು ಮತ್ತು ಆ್ಯಕ್ಟಿವ್ ಅಂತ ಕಂಡ ಮೇಲೆಯೇ ಈ ಹಂತ ಮುಗಿಯಿತು ಅಂತ ಲೆಕ್ಕ.

ಪೂರ್ತಿ ಕೆವೈಸಿ ಇಲ್ಲದೆ ತೆರೆದ ಸ್ಮಾಲ್ ಅಕೌಂಟ್ ಇದ್ದರೆ ಹುಷಾರು. ಅದರಲ್ಲಿ ಸಾಮಾನ್ಯವಾಗಿ 50,000 ರೂಪಾಯಿಗಿಂತ ಜಾಸ್ತಿ ಬಾಕಿ ಇರುವಂತಿಲ್ಲ. ಖಾತೆಯಲ್ಲಿ ಮೊದಲೇ ಹಣ ಇದ್ದು ಸಕ್ಷಮ್ ಹಣ ಒಂದೇ ಸಲ ಬಂದರೆ ತೊಡಕಾಗಬಹುದು. ಮುಂಚೆಯೇ ಪೂರ್ತಿ ಕೆವೈಸಿ ಮಾಡಿಸಿ. ಬಹಳ ದಿನದಿಂದ ಮುಟ್ಟದ ಖಾತೆಯಾದರೆ ಒಂದು ಸಲ ಹಣ ಹಾಕಿ ತೆಗೆದು ಚಾಲ್ತಿಗೆ ತನ್ನಿ.

ಕಣ್ಣು ಕಾಣದವರಿಗೆ ಖಾತೆ ತೆರೆಯಲು, ಎಟಿಎಂ ಕಾರ್ಡ್ ಕೊಡಲು ಹಿಂದೇಟು ಹಾಕುವ ಶಾಖೆಗಳು ಇನ್ನೂ ಇವೆ. ದೃಷ್ಟಿದೋಷ ಇರುವ ಗ್ರಾಹಕರಿಗೆ ಚೆಕ್‌ಬುಕ್, ಎಟಿಎಂ, ನೆಟ್ ಬ್ಯಾಂಕಿಂಗ್ ಯಾವುದನ್ನೂ ನಿರಾಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ 2008ರಲ್ಲೇ ಸೂಚನೆ ಕೊಟ್ಟಿದೆ. ಆಗುವುದಿಲ್ಲ ಅಂದರೆ ಕಾರಣವನ್ನು ಬರೆದು ಕೊಡಿ ಅನ್ನಿ. ಬರೆದು ಕೊಡಿ ಅಂದ ಕೂಡಲೇ ಎಷ್ಟೋ ಕಡೆ ಕೆಲಸ ಆಗಿಬಿಡುತ್ತದೆ.

ಹಂತ 6: ಕಾಲೇಜು ಪೋರ್ಟಲ್‌ನಲ್ಲಿ ಇದೆಯಾ ಕೇಳಿ

ನಿಮ್ಮ ಕಾಲೇಜು ಎನ್‌ಎಸ್‌ಪಿಯಲ್ಲಿ ನೋಂದಣಿ ಆಗಿರಬೇಕು, ನೋಡಲ್ ಅಧಿಕಾರಿಯ (ಕಾಲೇಜಿನಲ್ಲಿ ಈ ಅರ್ಜಿಗಳನ್ನು ಪರಿಶೀಲಿಸುವವರು) ಲಾಗಿನ್ ಚಾಲ್ತಿಯಲ್ಲಿರಬೇಕು. ನೋಂದಣಿ ಇಲ್ಲದಿದ್ದರೆ ಫಾರ್ಮ್‌ನಲ್ಲಿ ಕಾಲೇಜಿನ ಹೆಸರೇ ಬರುವುದಿಲ್ಲ. ನೋಂದಣಿ ಇದ್ದು ಅಧಿಕಾರಿ ವರ್ಗವಾಗಿ ಹೋಗಿದ್ದರೆ ಅರ್ಜಿ ಅಲ್ಲೇ ಕೊಳೆಯುತ್ತದೆ.

ಆಫೀಸಿಗೆ ಹೋಗಿ ಮೂರು ಪ್ರಶ್ನೆ ಕೇಳಿ. ಎನ್‌ಎಸ್‌ಪಿ ನೋಡಲ್ ಅಧಿಕಾರಿ ಯಾರು? ಕಾಲೇಜಿನ ಐಶೆ ಕೋಡ್ (ಸರ್ಕಾರಿ ಪಟ್ಟಿಯಲ್ಲಿ ಕಾಲೇಜಿನ ಗುರುತಿನ ಸಂಖ್ಯೆ) ಏನು? ಈ ವರ್ಷ ಲಾಗಿನ್ ಕೆಲಸ ಮಾಡುತ್ತಿದೆಯಾ? ಪಿಯು ಕಾಲೇಜಾದರೆ ಐಶೆ ಬದಲು ಯುಡೈಸ್ ಕೋಡ್. "ನಮ್ಮಲ್ಲಿ ಎಸ್‌ಎಸ್‌ಪಿ ಮಾತ್ರ ಮಾಡೋದು" ಅಂದರೆ ಪ್ರಿನ್ಸಿಪಾಲರಿಗೆ ಒಂದು ಪತ್ರ ಕೊಡಿ. ಉದ್ದ ಬೇಡ, ಇಷ್ಟು ಸಾಕು:

"ಮಾನ್ಯರೇ, ನಾನು ನಮ್ಮ ಕಾಲೇಜಿನ ಬಿ.ಕಾಂ. ಮೊದಲ ವರ್ಷದ ವಿದ್ಯಾರ್ಥಿನಿ. ಶೇ. 60 ಅಂಗವೈಕಲ್ಯ ಇದೆ. ಕೇಂದ್ರ ಸರ್ಕಾರದ ವಿಕಲಚೇತನರ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಬೇಕಿದೆ. ನಮ್ಮ ಕಾಲೇಜಿನ ಎನ್‌ಎಸ್‌ಪಿ ಲಾಗಿನ್ ಚಾಲ್ತಿ ಮಾಡಿಸಿಕೊಡಬೇಕಾಗಿ ವಿನಂತಿ. ಕೊನೆಯ ದಿನಾಂಕ ಹತ್ತಿರ ಇರುವುದರಿಂದ ದಯವಿಟ್ಟು ಬೇಗ ಕ್ರಮ ಕೈಗೊಳ್ಳಬೇಕು."

ಪತ್ರದ ಇನ್ನೊಂದು ಪ್ರತಿ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಮುಂದೆ ದೂರು ಕೊಡಬೇಕಾಗಿ ಬಂದರೆ ನಿಮ್ಮ ಕೈಯಲ್ಲಿ ಇರುವ ಸಾಕ್ಷಿ ಇದೊಂದೇ.

ಹಂತ 7: ಒಟಿಆರ್ ಮಾಡಿಕೊಳ್ಳಿ

ಈಗ ಎನ್‌ಎಸ್‌ಪಿಯಲ್ಲಿ ಅರ್ಜಿ ಹಾಕಲು ಒಂದು ಬಾರಿಯ ನೋಂದಣಿ ಕಡ್ಡಾಯ. ಇದಕ್ಕೆ 14 ಅಂಕಿಗಳ ಒಟಿಆರ್ ಸಂಖ್ಯೆ ಸಿಗುತ್ತದೆ. ಓದು ಮುಗಿಯುವವರೆಗೂ ಅದೇ ಸಂಖ್ಯೆ.

ಎರಡು ಭಾಗ ಇದೆ. ಮೊದಲು ವೆಬ್‌ಸೈಟ್‌ನಲ್ಲಿ ಮೊಬೈಲ್ ನಂಬರ್, ಆಧಾರ್ ಒಟಿಪಿ ಕೊಟ್ಟು ರೆಫರೆನ್ಸ್ ನಂಬರ್ ಪಡೆಯುವುದು. ಆಮೇಲೆ ಫೋನ್‌ನಲ್ಲಿ ಎನ್‌ಎಸ್‌ಪಿ ಒಟಿಆರ್ ಆ್ಯಪ್ ಮತ್ತು ಆಧಾರ್ ಫೇಸ್ ಆರ್‌ಡಿ ಆ್ಯಪ್ ಹಾಕಿಕೊಂಡು ಮುಖ ದೃಢೀಕರಣ ಮಾಡುವುದು. ಬಹಳ ಜನ ರೆಫರೆನ್ಸ್ ನಂಬರ್ ಬಂದಾಗಲೇ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಅದು ಒಟಿಆರ್ ಅಲ್ಲ.

ಮುಖ ದೃಢೀಕರಣದಲ್ಲಿ ಆ್ಯಪ್ ಕಣ್ಣು ಮಿಟುಕಿಸಲು ಹೇಳುತ್ತದೆ, ಮುಖ ಚೌಕಟ್ಟಿನ ಒಳಗೇ ಇರಬೇಕು. ದೃಷ್ಟಿದೋಷ ಇರುವವರು, ಕತ್ತು ನೆಟ್ಟಗೆ ಹಿಡಿಯಲು ಕಷ್ಟ ಇರುವವರು ಒಬ್ಬರೇ ಮಾಡಲು ಹೋಗಬೇಡಿ. ಇನ್ನೊಬ್ಬರು ಹಿಂಬದಿ ಕ್ಯಾಮೆರಾದಿಂದ ಹಿಡಿದರೆ ಸುಲಭ. ಹಗಲು ಬೆಳಕಿನಲ್ಲಿ, ಬಿಳಿ ಗೋಡೆಯ ಮುಂದೆ, ಕನ್ನಡಕ ತೆಗೆದು ಮಾಡಿ. ಸುಮಾರು ಸಲ ಮಾಡಿದರೂ ಆಗುತ್ತಿಲ್ಲ ಅಂದರೆ ಆಧಾರ್‌ನಲ್ಲಿರುವ ಫೋಟೋ ಚಿಕ್ಕಂದಿನದ್ದಾ ಅಂತ ನೋಡಿ. ಹಾಗಿದ್ದರೆ ಮೊದಲು ಆಧಾರ್ ಸೆಂಟರ್‌ನಲ್ಲಿ ಹೊಸ ಫೋಟೋ ಏರಿಸಬೇಕು.

ಹಂತ 8: ಅರ್ಜಿ ತುಂಬುವುದು

ಇಷ್ಟು ಹೊತ್ತಿಗೆ ಕಷ್ಟದ ಭಾಗ ಮುಗಿದಿದೆ. ಈಚಿನ ವರ್ಷಗಳಲ್ಲಿ ಪೋರ್ಟಲ್ ಜೂನ್ ಅಥವಾ ಜುಲೈನಲ್ಲಿ ತೆರೆಯುತ್ತಿದೆ. ಯೋಜನೆಯ ಎದುರು ಬೇರೆ ಬೇರೆ ದಿನಾಂಕಗಳು ಇರುತ್ತವೆ: ವಿದ್ಯಾರ್ಥಿಗೆ ಒಂದು ಗಡುವು, ಕಾಲೇಜಿನ ಪರಿಶೀಲನೆಗೆ ಇನ್ನೊಂದು, ತಪ್ಪು ತಿದ್ದುಪಡಿಗೂ ಒಂದು. ಎಲ್ಲವನ್ನೂ ಬರೆದಿಟ್ಟುಕೊಳ್ಳಿ.

ತಪ್ಪುಗಳು ಆಗುವ ಜಾಗಗಳು ಇವು:

"ಅಂಗವೈಕಲ್ಯ ಇದೆಯೇ" ಅನ್ನುವಲ್ಲಿ "ಇಲ್ಲ" ಅಂತ ಉಳಿದುಬಿಡುವುದು. ನೀವು ಕೊಟ್ಟ ಮಾಹಿತಿ ನೋಡಿಕೊಂಡು ಪೋರ್ಟಲ್ ಯೋಜನೆಗಳನ್ನು ತೋರಿಸುತ್ತದೆ. "ನನಗೆ ಆ ಸ್ಕಾಲರ್‌ಶಿಪ್ ಕಾಣಿಸ್ತಾನೇ ಇಲ್ಲ" ಅಂದರೆ ಈ ಪ್ರಶ್ನೆ, ಆದಾಯ, ಕೋರ್ಸ್, ವರ್ಷ, ಈ ನಾಲ್ಕರಲ್ಲಿ ಎಲ್ಲೋ ತಪ್ಪಿದೆ.

ಒಂದೇ ತರಹದ ಹೆಸರಿನ ಬೇರೆ ಕಾಲೇಜನ್ನು ಆರಿಸುವುದು. "ಸರ್ಕಾರಿ ಪ್ರಥಮ ದರ್ಜೆ ಕಾಲೇಜು" ಅಂತ ಹುಡುಕಿದರೆ ಸಾಲು ಸಾಲು ಬರುತ್ತವೆ. ಹೆಸರು ನೋಡಬೇಡಿ, ಆಫೀಸಿನಲ್ಲಿ ಕೇಳಿಕೊಂಡು ಬಂದ ಕೋಡ್ ನೋಡಿ ಆರಿಸಿ. ಇಲ್ಲಿ ತಪ್ಪಿದರೆ ಅರ್ಜಿ ಬೇರೆ ಊರಿನ ಲಾಗಿನ್‌ಗೆ ಹೋಗಿ ಕೂರುತ್ತದೆ.

ಹಾಸ್ಟೆಲ್, ಡೇ ಸ್ಕಾಲರ್ ಗೊಂದಲ. ಪೇಯಿಂಗ್ ಗೆಸ್ಟ್ ಆಗಿ ಇರುವವರು ಹಾಸ್ಟೆಲ್ ಅಂತ ಹಾಕಿ, ಕಾಲೇಜಿನವರು ಅದನ್ನು ಒಪ್ಪದೆ ವಾಪಸ್ ಕಳಿಸುವುದು ಮಾಮೂಲು. ಆಫೀಸಿನಲ್ಲಿ ಕೇಳಿ ಹಾಕಿ.

ಶುಲ್ಕದ ಕಾಲಂನಲ್ಲಿ ರಸೀದಿಯಲ್ಲಿ ಇರುವುದಕ್ಕಿಂತ ಬೇರೆ ಮೊತ್ತ ಹಾಕುವುದು. ಊಟ, ವಾಪಸ್ ಕೊಡುವ ಠೇವಣಿ ಎಲ್ಲ ಸೇರಿಸಬೇಡಿ.

ಮಸುಕಾದ ದಾಖಲೆ ಏರಿಸುವುದು. ಫೋನ್‌ನಲ್ಲಿ ತೆಗೆದ ಫೋಟೋದ ಗಾತ್ರ ತಗ್ಗಿಸಿ ತಗ್ಗಿಸಿ ಅಕ್ಷರವೇ ಕಾಣದಂತೆ ಮಾಡಿಬಿಡುತ್ತಾರೆ. ಪೋರ್ಟಲ್ ಹೇಳಿದ ಮಿತಿಯೊಳಗೆ ಇರಬೇಕು ನಿಜ, ಆದರೆ ಏರಿಸಿದ ಮೇಲೆ ಒಮ್ಮೆ ತೆರೆದು ನೋಡಿ. ಪ್ರಮಾಣ, ಸೀಲು, ದಿನಾಂಕ ಮೂರೂ ಓದುವಂತಿರಬೇಕು.

ಕೊನೆಯದಾಗಿ, ಡ್ರಾಫ್ಟ್‌ನಲ್ಲೇ ಬಿಡುವುದು. ಫೈನಲ್ ಸಬ್‌ಮಿಟ್ ಒತ್ತದಿದ್ದರೆ ಅರ್ಜಿ ಕಾಲೇಜಿಗೆ ಹೋಗುವುದಿಲ್ಲ. ಒತ್ತಿದ ಮೇಲೆ ಅಪ್ಲಿಕೇಶನ್ ಐಡಿ ಇರುವ ಪ್ರತಿಯನ್ನು ಪ್ರಿಂಟ್ ತೆಗೆದುಕೊಳ್ಳಿ.

ಸೈಬರ್ ಸೆಂಟರ್ ಅಥವಾ ಗ್ರಾಮ ಒನ್‌ನಲ್ಲಿ ಹಾಕಿಸುವುದಾದರೆ ಹಾಕಿಸಿ, ತಪ್ಪಿಲ್ಲ. ಆದರೆ ಮೊಬೈಲ್ ನಂಬರ್ ನಿಮ್ಮದೇ ಇರಲಿ, ಪಾಸ್‌ವರ್ಡ್ ನಿಮ್ಮ ಪುಸ್ತಕದಲ್ಲಿರಲಿ. ಪೋರ್ಟಲ್‌ನಲ್ಲಿ ಅರ್ಜಿಗೆ ಶುಲ್ಕವೇ ಇಲ್ಲ. "ಮಂಜೂರು ಮಾಡಿಸಿಕೊಡ್ತೀನಿ, ಮುಂಗಡ ಕೊಡಿ" ಅನ್ನುವವರು, ಫೋನ್ ಮಾಡಿ ಒಟಿಪಿ ಕೇಳುವವರು, ಇಬ್ಬರೂ ಮೋಸಗಾರರೇ. ಕ್ಯಾಪ್ಚಾ ಓದಲು ಬೇರೆಯವರ ಸಹಾಯ ಬೇಕಾದಾಗಲೂ ಒಟಿಪಿಯನ್ನು ನೀವೇ ಟೈಪ್ ಮಾಡಿ.

ಎಸ್‌ಎಸ್‌ಪಿಯಲ್ಲಿ ಹಾಕುವವರಿಗೆ ಒಂದು ಮಾತು. ಅಲ್ಲಿ ದಾಖಲೆಗಳಿಗೆ ಇ-ದೃಢೀಕರಣ ಮಾಡಿಸಬೇಕಾಗುತ್ತದೆ, ಅದನ್ನು ಕಾಲೇಜಿನಲ್ಲಿ ನೇಮಿಸಿದ ಅಧಿಕಾರಿಯೇ ಮಾಡಬೇಕು. ಅರ್ಜಿ ತುಂಬುವ ದಿನ ಇದು ನೆನಪಾದರೆ ಆ ದಿನ ಕೆಲಸ ಆಗುವುದಿಲ್ಲ. ವಾರ ಮುಂಚೆಯೇ ಮುಗಿಸಿ.

ಹಂತ 9: ಅರ್ಜಿಯ ಬೆನ್ನು ಹತ್ತಿ

ಅತಿ ಹೆಚ್ಚು ಅರ್ಜಿಗಳು ಸಾಯುವುದು ಇಲ್ಲಿ. ಮೊದಲ ಪರಿಶೀಲನೆ ಕಾಲೇಜಿನ ನೋಡಲ್ ಅಧಿಕಾರಿಯದ್ದು, ಅವರು ಒಪ್ಪಿದ ಮೇಲೆ ಎರಡನೆಯದು ಮೇಲಿನ ಅಧಿಕಾರಿಗಳದ್ದು. ಕಾಲೇಜಿನ ಗಡುವು ಮುಗಿಯುವುದರೊಳಗೆ ಅಲ್ಲಿಂದ ಹೊರಡದಿದ್ದರೆ ನಿಮ್ಮ ತಪ್ಪಿಲ್ಲದಿದ್ದರೂ ಆ ವರ್ಷದ ಕಥೆ ಮುಗಿಯಿತು.

ಸಬ್‌ಮಿಟ್ ಮಾಡಿದ ಒಂದೆರಡು ದಿನದಲ್ಲೇ ಪ್ರಿಂಟ್ ಮತ್ತು ಮೂಲ ದಾಖಲೆ ಹಿಡಿದು ಆಫೀಸಿಗೆ ಹೋಗಿ. ಅಲ್ಲಿನ ಮಾತು ಹೀಗಿರಲಿ:

"ಸರ್, ನನ್ನ ಎನ್‌ಎಸ್‌ಪಿ ಅರ್ಜಿ ನಿಮ್ಮ ಲಾಗಿನ್‌ನಲ್ಲಿ ಪೆಂಡಿಂಗ್ ಇದೆ. ಅಪ್ಲಿಕೇಶನ್ ಐಡಿ ಇದು."

"ಆಯ್ತಮ್ಮ, ಇಟ್ಟು ಹೋಗು, ನೋಡ್ತೀನಿ."

"ಆಗಲಿ ಸರ್. ಕಾಲೇಜಿನ ಕೊನೆಯ ದಿನಾಂಕ ಇದು ಅಂತ ಮೇಲೆ ಬರೆದಿದ್ದೀನಿ. ಸೋಮವಾರ ಬಂದು ವಿಚಾರಿಸ್ಲಾ?"

ಮರ್ಯಾದೆಯಿಂದಲೇ ಹೇಳಿ, ಆದರೆ ದಿನ ಗೊತ್ತು ಮಾಡಿಕೊಂಡೇ ಬನ್ನಿ. ಮೆಟ್ಟಿಲು ಹತ್ತಿ ಓಡಾಡಲು ಆಗದವರು ಇ-ಮೇಲ್ ಕಳಿಸಿ, ಅಥವಾ ಕಾಲೇಜಿನಲ್ಲಿ ಸಮಾನ ಅವಕಾಶ ಕೋಶ ಇದ್ದರೆ ಅವರ ಮೂಲಕ ವಿಚಾರಿಸಿ.

ವಾರಕ್ಕೊಮ್ಮೆ ಲಾಗಿನ್ ಆಗಿ ಸ್ಥಿತಿ ನೋಡಿ. "ಡಿಫೆಕ್ಟ್" ಅಂತ ಬಂದಿದ್ದರೆ ಗಾಬರಿ ಬೇಡ, ತಿದ್ದಲು ಅವಕಾಶ ಕೊಟ್ಟಿದ್ದಾರೆ ಅಂತ ಅರ್ಥ. ಕಾರಣ ಅಲ್ಲೇ ಬರೆದಿರುತ್ತದೆ. ತಿದ್ದಿ ಮತ್ತೆ ಸಬ್‌ಮಿಟ್ ಮಾಡಿ, ಮತ್ತೆ ಕಾಲೇಜಿಗೆ ಹೇಳಿ. ತಿದ್ದಿದ ಅರ್ಜಿ ಪುನಃ ಅವರ ಲಾಗಿನ್‌ಗೇ ಬರುತ್ತದೆ ಅನ್ನುವುದನ್ನು ಮರೆಯುವವರೇ ಜಾಸ್ತಿ. "ರಿಜೆಕ್ಟ್" ಅಂದರೆ ಮಾತ್ರ ಬಾಗಿಲು ಮುಚ್ಚಿದ ಹಾಗೆ. ಸುಳ್ಳು ದಾಖಲೆ ಕೊಟ್ಟು "ಫೇಕ್" ಅಂತ ಗುರುತು ಬಿದ್ದರೆ ಮುಂದಿನ ವರ್ಷಗಳಿಗೂ ತೊಂದರೆ.

ಹಂತ 10: ಹಣ ಬಂತಾ ನೋಡುವುದು

ಎರಡೂ ಪರಿಶೀಲನೆ ಮುಗಿದ ಮೇಲೆ ಮಂಜೂರಾಗಿ, ಕೇಂದ್ರ ಸರ್ಕಾರದ ಪಾವತಿ ವ್ಯವಸ್ಥೆಯಾದ ಪಿಎಫ್‌ಎಂಎಸ್ ಮೂಲಕ ಖಾತೆಗೆ ಬರುತ್ತದೆ. ತಡ ಆಗುವುದು ಮಾಮೂಲು, ಆದ್ದರಿಂದ ಈ ಹಣ ನಂಬಿ ಶುಲ್ಕದ ಕಂತು ಉಳಿಸಿಕೊಳ್ಳಬೇಡಿ. ಪಿಎಫ್‌ಎಂಎಸ್ ವೆಬ್‌ಸೈಟ್‌ನಲ್ಲಿ ಪಾವತಿಯ ಸ್ಥಿತಿ ನೋಡಬಹುದು. ಪಾವತಿ ಆಗಿದೆ ಅಂತ ತೋರಿಸಿ ನಿಮ್ಮ ಪಾಸ್‌ಬುಕ್‌ನಲ್ಲಿ ಇಲ್ಲದಿದ್ದರೆ ಹಂತ 5ಕ್ಕೆ ಹೋಗಿ: ಸೀಡಿಂಗ್ ಯಾವ ಬ್ಯಾಂಕಿಗೆ ಆಗಿದೆ ನೋಡಿ, ಆ ಖಾತೆಯ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಹಣ ಅಲ್ಲೇ ಇರುವ ಸಾಧ್ಯತೆ ಜಾಸ್ತಿ. ವರ್ಷದ ಮಧ್ಯದಲ್ಲಿ ಹೊಸ ಖಾತೆ ತೆರೆದು ಸೀಡಿಂಗ್ ಬದಲಾಯಿಸಬೇಡಿ.

ಹಂತ 11: ಮುಂದಿನ ವರ್ಷದ ರಿನ್ಯೂವಲ್

ಒಂದು ಸಲ ಬಂತು ಅಂದರೆ ಪ್ರತಿ ವರ್ಷ ತಾನಾಗಿಯೇ ಬರುವುದಿಲ್ಲ. ಪ್ರತಿ ವರ್ಷ ರಿನ್ಯೂವ್ ಮಾಡಬೇಕು, ಹಿಂದಿನ ವರ್ಷ ಪಾಸಾಗಿ ಮುಂದಿನ ತರಗತಿಗೆ ಹೋಗಿರಬೇಕು. ಅದೇ ಒಟಿಆರ್‌ನಿಂದ ಲಾಗಿನ್ ಆಗಿ ರಿನ್ಯೂವಲ್ ಆರಿಸಿ. ಅದೇ ಕೋರ್ಸಿನಲ್ಲಿದ್ದು ಹೊಸ ಅರ್ಜಿ ಹಾಕಿದರೆ ಗೊಂದಲ ಆಗುತ್ತದೆ. ಫಲಿತಾಂಶ ತಡವಾಗಿ ಅಂಕಪಟ್ಟಿ ಸಿಗದಿದ್ದರೆ ಏನು ಮಾಡಬೇಕು ಅಂತ ನೋಡಲ್ ಅಧಿಕಾರಿಯನ್ನು ಗಡುವಿಗೆ ಮುಂಚೆಯೇ ಕೇಳಿ, ಗಡುವು ಮುಗಿದ ಮೇಲೆ ಅಲ್ಲ.

ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಯಾರನ್ನು ಕೇಳುವುದು

ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಎಲ್ಲರೂ ವಿಆರ್‌ಡಬ್ಲ್ಯೂ ಅಂತ ಕರೆಯುತ್ತಾರೆ. ತಾಲೂಕಿನಲ್ಲಿ ಎಂಆರ್‌ಡಬ್ಲ್ಯೂ, ಪಟ್ಟಣದಲ್ಲಿ ಯುಆರ್‌ಡಬ್ಲ್ಯೂ. ಅವರೂ ಬಹುತೇಕ ವಿಕಲಚೇತನರೇ. ಯುಡಿಐಡಿ ತಪಾಸಣೆ ಯಾವ ದಿನ, ಯಾವ ಕೌಂಟರ್‌ಗೆ ಹೋಗಬೇಕು ಅನ್ನುವಂತಹ ವಿಷಯಗಳಲ್ಲಿ ಇವರಿಗೆ ಗೊತ್ತಿರುವಷ್ಟು ವೆಬ್‌ಸೈಟ್‌ಗೂ ಗೊತ್ತಿಲ್ಲ. ಮೊದಲು ಇವರ ನಂಬರ್ ತೆಗೆದುಕೊಳ್ಳಿ. ಅವರ ಮೇಲೆ ಜಿಲ್ಲಾ ಮಟ್ಟದಲ್ಲಿ ಇಲಾಖೆಯ ಕಲ್ಯಾಣಾಧಿಕಾರಿ ಇದ್ದಾರೆ.

ಕಾಲೇಜು ಅರ್ಜಿಯನ್ನು ಮುಂದೆ ಕಳಿಸದಿದ್ದರೆ ಮೊದಲು ಪ್ರಿನ್ಸಿಪಾಲರಿಗೆ ಲಿಖಿತ ದೂರು, ಆಮೇಲೆ ಜಿಲ್ಲಾ ಕಲ್ಯಾಣಾಧಿಕಾರಿಗೆ. ಕೇಂದ್ರದ ಯೋಜನೆಯ ಹಣದ ತಕರಾರು ಇದ್ದರೆ ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ದೂರು ಪೋರ್ಟಲ್‌ನಲ್ಲಿ ಹಾಕಬಹುದು. ಅಂಗವೈಕಲ್ಯದ ಕಾರಣಕ್ಕೆ ಹಕ್ಕನ್ನೇ ನಿರಾಕರಿಸಿದ್ದಾರೆ ಅನ್ನಿಸಿದರೆ 2016ರ ಕಾಯ್ದೆಯಡಿ ಇರುವ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಎಲ್ಲಿಗೆ ಹೋದರೂ ಅಪ್ಲಿಕೇಶನ್ ಐಡಿ, ಸಬ್‌ಮಿಟ್ ಮಾಡಿದ ದಿನಾಂಕ, ಸೀಲು ಹಾಕಿಸಿದ ಪತ್ರದ ಪ್ರತಿ ಜೊತೆಗಿರಲಿ. ಬಾಯಿಮಾತಿನ ದೂರನ್ನು ಕೇಳಿಸಿಕೊಳ್ಳುತ್ತಾರೆ, ಬರೆದು ಕೊಟ್ಟಿದ್ದಕ್ಕೆ ಉತ್ತರ ಕೊಡಬೇಕಾಗುತ್ತದೆ.